ದಿನದ ಕ್ಯಾಲೊರಿ ಲೆಕ್ಕ ಹಳಿ ತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ತೂಕ ಇಳಿಸಲು ಹೊರಟವರಲ್ಲಿ ಬಹಳಷ್ಟು ಜನ ಮೊದಲ ವಾರ ತಿಂದದ್ದನ್ನೆಲ್ಲ ಶ್ರದ್ಧೆಯಿಂದ ಬರೆದಿಡುತ್ತಾರೆ. ಎರಡನೇ ವಾರ ಅಲ್ಲೊಂದು ಇಲ್ಲೊಂದು ಊಟ ಬಿಟ್ಟುಹೋಗುತ್ತದೆ. ಆಮೇಲೆ ಕ್ಯಾಲೊರಿ ಬರೆದಿಡುವ ಆ್ಯಪ್ ತೆರೆಯುವುದೇ ನಿಂತುಹೋಗುತ್ತದೆ. ಕೇಳಿದರೆ ‘ನನಗೆ ಬಾಯಿ ಕಟ್ಟೋಕೆ ಆಗಲ್ಲ’ ಎನ್ನುತ್ತಾರೆ. ನನ್ನ ಪ್ರಕಾರ ಇದರಲ್ಲಿ ಬಾಯಿಯ ತಪ್ಪು ಕಡಿಮೆ, ಲೆಕ್ಕದ ತಪ್ಪೇ ಹೆಚ್ಚು. ಒಂದೋ ಗುರಿಯನ್ನೇ ಯಾರೂ ಪಾಲಿಸಲಾಗದಷ್ಟು ಕೆಳಗೆ ಇಟ್ಟುಕೊಂಡಿರುತ್ತಾರೆ, ಇಲ್ಲವೇ ಅಳತೆ ಎಲ್ಲೋ ಸೋರುತ್ತಿರುತ್ತದೆ. ಇವೆರಡನ್ನು ಸರಿಮಾಡಿಕೊಂಡರೆ ಮನೋಬಲದ ಮೇಲೆ ಬೀಳುವ ಭಾರ ಅರ್ಧಕ್ಕರ್ಧ ಇಳಿಯುತ್ತದೆ.

ಮುಂದೆ ಹೋಗುವ ಮೊದಲು ಒಂದು ಮಾತು. ಗರ್ಭಿಣಿಯರು, ಎದೆಹಾಲುಣಿಸುವವರು, 18 ತುಂಬದವರು ಮತ್ತು ಹಿಂದೆ ಊಟಕ್ಕೆ ಸಂಬಂಧಿಸಿದ ಮಾನಸಿಕ ಕಾಯಿಲೆ ಇದ್ದವರು ಇದನ್ನು ತಾವಾಗಿ ಶುರು ಮಾಡಬಾರದು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡಿದರೆ ಔಷಧದ ಪ್ರಮಾಣವನ್ನೂ ಬದಲಿಸಬೇಕಾಗಬಹುದು, ಹಾಗಾಗಿ ಮೊದಲು ವೈದ್ಯರನ್ನು ಕೇಳಿ.

ಹಂತ 1: ಪಾಲಿಸಬಹುದಾದ ಗುರಿ ಹಾಕಿಕೊಳ್ಳಿ

ಆ್ಯಪ್ ಕೊಟ್ಟ ಸಂಖ್ಯೆಯನ್ನು ಕಣ್ಣುಮುಚ್ಚಿ ಒಪ್ಪಬೇಡಿ. ಅದು ಎಲ್ಲಿಂದ ಬಂತೆಂದು ಗೊತ್ತಿದ್ದರೆ ಮುಂದೆ ತಿದ್ದುವುದು ಸುಲಭ. ಹೆಚ್ಚು ಬಳಕೆಯಲ್ಲಿರುವುದು 1990ರಲ್ಲಿ ಬಂದ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರ. ತೂಕವನ್ನು (ಕೆಜಿ) 10ರಿಂದ ಗುಣಿಸಿ, ಅದಕ್ಕೆ ಎತ್ತರವನ್ನು (ಸೆಂ.ಮೀ.) 6.25ರಿಂದ ಗುಣಿಸಿ ಕೂಡಿಸಿ, ವಯಸ್ಸನ್ನು 5ರಿಂದ ಗುಣಿಸಿ ಕಳೆಯಿರಿ. ಕೊನೆಗೆ ಗಂಡಸರು 5 ಕೂಡಿಸಬೇಕು, ಹೆಂಗಸರು 161 ಕಳೆಯಬೇಕು. ಇದು ದೇಹ ಸುಮ್ಮನೆ ಮಲಗಿದ್ದರೂ ಖರ್ಚು ಮಾಡುವ ಕ್ಯಾಲೊರಿ.

35 ವರ್ಷದ, 162 ಸೆಂ.ಮೀ. ಎತ್ತರದ, 74 ಕೆಜಿ ತೂಕದ ಹೆಂಗಸಿನ ಲೆಕ್ಕ ಹಾಕೋಣ. 740 + 1012 − 175 − 161, ಅಂದರೆ ಸುಮಾರು 1416. ಇದನ್ನು ಓಡಾಟಕ್ಕೆ ತಕ್ಕಂತೆ ಗುಣಿಸಬೇಕು: ಇಡೀ ದಿನ ಕೂತು ಕೆಲಸ ಮಾಡುವವರಿಗೆ 1.2, ಒಂದಿಷ್ಟು ನಡಿಗೆ–ವ್ಯಾಯಾಮ ಇದ್ದವರಿಗೆ 1.375, ವಾರದಲ್ಲಿ ಹೆಚ್ಚಿನ ದಿನ ಚೆನ್ನಾಗಿ ಬೆವರುವವರಿಗೆ 1.55. ನಮ್ಮ ಉದಾಹರಣೆಗೆ 1.375 ಹಿಡಿದರೆ ದಿನದ ಖರ್ಚು ಸುಮಾರು 1950. ಎರಡು ಸಂಖ್ಯೆಗಳ ನಡುವೆ ಸಂಶಯ ಬಂದರೆ ಚಿಕ್ಕದನ್ನೇ ಹಿಡಿಯಿರಿ. ಓಡಾಟದ ವಿಷಯದಲ್ಲಿ ಎಲ್ಲರೂ ತಮ್ಮ ಬಗ್ಗೆ ಧಾರಾಳಿಗಳು.

ಈಗ ಇದರಿಂದ ಎಷ್ಟು ಕಡಿತ ಮಾಡಬೇಕು? ಒಂದು ಕೆಜಿ ದೇಹದ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ. ದಿನಕ್ಕೆ 400 ಕಡಿತವೆಂದರೆ ವಾರಕ್ಕೆ 2,800, ಅಂದರೆ ಸುಮಾರು 360 ಗ್ರಾಂ. ಕೇಳಲು ಚಿಕ್ಕದು. ಆದರೆ 1950ರ ಬದಲು 1550 ತಿನ್ನುವುದು ತಿಂಗಳುಗಟ್ಟಲೆ ಸಾಧ್ಯ. ಬೇಗ ಆಗಲಿ ಎಂದು 1000ಕ್ಕೆ ಇಳಿಸಿದವರು ನಾಲ್ಕು ದಿನ ಹಸಿದು ಐದನೇ ರಾತ್ರಿ ಅಡುಗೆಮನೆ ಖಾಲಿ ಮಾಡುತ್ತಾರೆ, ವಾರದ ಲೆಕ್ಕ ನೋಡಿದರೆ ಇಬ್ಬರೂ ಒಂದೇ ಕಡೆ ನಿಂತಿರುತ್ತಾರೆ. ವೈದ್ಯರ ಕಣ್ಗಾವಲಿಲ್ಲದೆ ಹೆಂಗಸರು 1200ಕ್ಕಿಂತ, ಗಂಡಸರು 1500ಕ್ಕಿಂತ ಕೆಳಗೆ ಹೋಗಬಾರದೆಂಬುದು ಸಾಮಾನ್ಯ ಸಲಹೆ.

ಹಂತ 2: ಅಳತೆ ಎಲ್ಲಿ ಸೋರುತ್ತಿದೆ ನೋಡಿ

ಹೆಚ್ಚಿನ ಗಮನ ಬೇಕಿರುವುದು ಇಲ್ಲೇ. 1992ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ‘1200ಕ್ಕಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ’ ಎನ್ನುತ್ತಿದ್ದವರನ್ನು ಅದರಲ್ಲಿ ಪರೀಕ್ಷೆಗೆ ಒಳಪಡಿಸಿದ್ದರು. ಅವರು ತಿಂದದ್ದನ್ನು ಸರಾಸರಿ ಶೇ 47ರಷ್ಟು ಕಡಿಮೆಯಾಗಿ, ಓಡಾಟವನ್ನು ಶೇ 51ರಷ್ಟು ಹೆಚ್ಚಾಗಿ ಹೇಳಿದ್ದರು. ಅವರ ದೇಹದ ಶಕ್ತಿವ್ಯಯದಲ್ಲಿ ಯಾವ ಕೊರತೆಯೂ ಇರಲಿಲ್ಲ. ಬೇಕೆಂದೇ ಸುಳ್ಳು ಹೇಳಿದವರು ಎಂದುಕೊಳ್ಳಬೇಕಿಲ್ಲ, ಕಣ್ಣಳತೆಗೆ ಬಿಟ್ಟರೆ ಯಾರ ಲೆಕ್ಕವೂ ತಪ್ಪುತ್ತದೆ.

ಆದ್ದರಿಂದ ಮೊದಲ ಒಂದು ತಿಂಗಳಾದರೂ ಅಡುಗೆಮನೆಯಲ್ಲಿ ಒಂದು ಡಿಜಿಟಲ್ ತಕ್ಕಡಿ ಇರಲಿ. ಎಲ್ಲವನ್ನೂ ತೂಗುವ ಹಠ ಬೇಡ. ಸೌತೆಕಾಯಿ, ಸೊಪ್ಪು, ಎಲೆಕೋಸನ್ನು ಅಂದಾಜಿನಲ್ಲಿ ಬರೆದರೂ ನಡೆಯುತ್ತದೆ, 100 ಗ್ರಾಂಗೆ 15–30 ಕ್ಯಾಲೊರಿ ಇರುವಲ್ಲಿ ತಪ್ಪಿದರೆ ಎಷ್ಟು ತಪ್ಪೀತು? ತೂಗಬೇಕಾದದ್ದು ಕೊಬ್ಬು ಇರುವುದನ್ನು. ಪ್ರೋಟೀನ್, ಕಾರ್ಬೋಹೈಡ್ರೇಟ್ ಗ್ರಾಂಗೆ 4 ಕ್ಯಾಲೊರಿ ಕೊಟ್ಟರೆ ಕೊಬ್ಬು 9 ಕೊಡುತ್ತದೆ, ಮದ್ಯದ ಆಲ್ಕೋಹಾಲ್ 7. ಒಂದು ಹಿಡಿ ಬಾದಾಮಿ ಎಂದು ಬರೆದರೆ ಆ್ಯಪ್ 28 ಗ್ರಾಂ ಎಂದುಕೊಂಡು ಸುಮಾರು 160 ಹಾಕುತ್ತದೆ. ದೊಡ್ಡ ಕೈಯ ಹಿಡಿ 45 ಗ್ರಾಂ ಇದ್ದರೆ ನಿಜದಲ್ಲಿ 260.

ಎಣ್ಣೆ ಅಳೆಯುವ ಸುಲಭ ಉಪಾಯ ಹೀಗಿದೆ. ಎಣ್ಣೆಯ ಬಾಟಲಿಯನ್ನೇ ತಕ್ಕಡಿ ಮೇಲಿಟ್ಟು ‘ಟೇರ್’ ಬಟನ್ ಒತ್ತಿ, ಸೊನ್ನೆ ತೋರಿಸುತ್ತದೆ. ಬಾಣಲೆಗೆ ಎಂದಿನಂತೆ ಸುರಿದು ಬಾಟಲಿಯನ್ನು ಮತ್ತೆ ತಕ್ಕಡಿ ಮೇಲಿಡಿ. ಈಗ −11 ಎಂದು ತೋರಿಸಿದರೆ ಬಾಣಲೆಗೆ ಹೋದದ್ದು 11 ಗ್ರಾಂ, ಸುಮಾರು 100 ಕ್ಯಾಲೊರಿ. ಚಮಚ ತೊಳೆಯುವ ಕೆಲಸವೂ ಇಲ್ಲ. ಬೆಣ್ಣೆ, ಜೇನು, ಚೀಸ್ ಎಲ್ಲಕ್ಕೂ ಇದೇ ದಾರಿ. ‘ಸ್ವಲ್ಪ ಎಣ್ಣೆ’ ಎಂದು ಸುರಿಯುತ್ತಿದ್ದದ್ದು ಎಷ್ಟಿತ್ತೆಂದು ಮೊದಲ ಸಲ ನೋಡಿದಾಗ ಹೆಚ್ಚಿನವರು ತಕ್ಕಡಿಯೇ ಕೆಟ್ಟಿದೆ ಎಂದುಕೊಳ್ಳುತ್ತಾರೆ.

ಹಲವರಿಗೆ ಒಟ್ಟಿಗೆ ಅಡುಗೆ ಮಾಡುವಾಗ ನಿಮ್ಮ ಪಾಲು ಎಷ್ಟೆಂದು ತಿಳಿಯುವುದು ಹೇಗೆ? ಅದಕ್ಕೊಂದು ಕ್ರಮ ಇದೆ. ಖಾಲಿ ಪಾತ್ರೆಯ ತೂಕವನ್ನು ಒಮ್ಮೆ ನೋಡಿ ಎಲ್ಲಾದರೂ ಬರೆದಿಟ್ಟುಕೊಳ್ಳಿ, 640 ಗ್ರಾಂ ಎನ್ನೋಣ. ಹಾಕಿದ ಸಾಮಾನುಗಳ ಕ್ಯಾಲೊರಿ ಒಟ್ಟು 1350 ಬಂತು. ಅಡುಗೆ ಆದಮೇಲೆ ಪಾತ್ರೆ ಸಮೇತ 2140 ಗ್ರಾಂ, ಪಾತ್ರೆ ಕಳೆದರೆ 1500. ಅಂದರೆ ಗ್ರಾಂಗೆ 0.9 ಕ್ಯಾಲೊರಿ. ನಿಮ್ಮ ತಟ್ಟೆಗೆ 280 ಗ್ರಾಂ ಬಡಿಸಿಕೊಂಡರೆ ಸುಮಾರು 250. ಮಿಕ್ಕವರು ಎಷ್ಟು ತಿಂದರು ಎಂಬ ತಲೆಬಿಸಿ ಬೇಕಿಲ್ಲ.

ಹಸಿ–ಬೆಂದ ಗೊಂದಲವನ್ನೂ ಇಲ್ಲೇ ಬಗೆಹರಿಸಿಕೊಳ್ಳಿ. 100 ಗ್ರಾಂ ಅಕ್ಕಿಗೆ ಸುಮಾರು 360 ಕ್ಯಾಲೊರಿ, 100 ಗ್ರಾಂ ಅನ್ನಕ್ಕೆ ಸುಮಾರು 130. ನೀರು ಹೀರಿ ತೂಕ ಹೆಚ್ಚಿತು, ಅಷ್ಟೇ. ಅಕ್ಕಿ ತೂಗಿ ಅನ್ನವೆಂದು ನಮೂದಿಸಿದರೆ ಒಂದೇ ಹೊತ್ತಿನಲ್ಲಿ 230 ಕ್ಯಾಲೊರಿ ಲೆಕ್ಕದಿಂದ ಮಾಯ. ಪಾಸ್ತಾ, ಕಾಳುಗಳಲ್ಲೂ ಇದೇ ಕತೆ.

ಆ್ಯಪ್‌ಗಳಲ್ಲಿರುವ ಆಹಾರದ ಪಟ್ಟಿಯಲ್ಲಿ ಬಳಕೆದಾರರೇ ತುಂಬಿಸಿದ ನಮೂದುಗಳು ತುಂಬ. ಒಂದು ನಮೂದು ಸರಿಯೇ ಎಂದು ಅರ್ಧ ನಿಮಿಷದಲ್ಲಿ ಪರೀಕ್ಷಿಸಬಹುದು. ಪ್ರೋಟೀನ್ 8, ಕಾರ್ಬೋಹೈಡ್ರೇಟ್ 60, ಕೊಬ್ಬು 20 ಗ್ರಾಂ ಎಂದಿದ್ದರೆ 32 + 240 + 180, ಒಟ್ಟು 452 ಬರಬೇಕು. ಪಕ್ಕದಲ್ಲಿ 250 ಎಂದಿದ್ದರೆ ಅದನ್ನು ಬಿಟ್ಟು ಬೇರೆ ನಮೂದು ಹುಡುಕಿ. ಪ್ಯಾಕೆಟ್ ಮೇಲಿನ ಲೇಬಲ್ ಓದುವಾಗ ಸಂಖ್ಯೆ 100 ಗ್ರಾಂಗೋ, ಒಂದು ಸರ್ವಿಂಗ್‌ಗೋ, ಇಡೀ ಪ್ಯಾಕೆಟ್‌ಗೋ ಎಂದು ನೋಡಿಕೊಳ್ಳಿ. ಕಿಲೋಜೌಲ್‌ನಲ್ಲಿದ್ದರೆ 4.184ರಿಂದ ಭಾಗಿಸಿ. ಇಷ್ಟಾದರೂ ಲೇಬಲ್ ದೇವರ ವಾಕ್ಯವಲ್ಲ. ನಿಜವಾದ ಕ್ಯಾಲೊರಿ ಲೇಬಲ್‌ಗಿಂತ ಶೇ 20ರವರೆಗೆ ಹೆಚ್ಚಿದ್ದರೂ ಅಮೆರಿಕದ ನಿಯಮಗಳು ಒಪ್ಪುತ್ತವೆ.

ಕುಡಿಯುವುದನ್ನು ಮರೆಯಬೇಡಿ. ಕಪ್ಪಿಗೆ 100 ಮಿ.ಲೀ. ಕೆನೆ ತೆಗೆಯದ ಹಸುವಿನ ಹಾಲು, ಎರಡು ಚಮಚ ಸಕ್ಕರೆ ಹಾಕಿದ ಕಾಫಿ ಎಂದರೆ ಸುಮಾರು 94 ಕ್ಯಾಲೊರಿ. ದಿನಕ್ಕೆ ನಾಲ್ಕು ಕಪ್ಪಾದರೆ 375 ದಾಟುತ್ತದೆ. ಹಂತ 1ರಲ್ಲಿ ಕಷ್ಟಪಟ್ಟು ಮಾಡಿದ 400ರ ಕಡಿತ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು.

ಹಂತ 3: ತಿಂದಮೇಲೆ ಅಲ್ಲ, ತಿನ್ನುವ ಮೊದಲೇ ಬರೆಯಿರಿ

ರಾತ್ರಿ ಮಲಗುವಾಗ ಇಡೀ ದಿನದ್ದನ್ನು ನೆನಪಿಸಿಕೊಂಡು ಬರೆಯುವುದು ಬರೀ ಇತಿಹಾಸ, ಅದರಿಂದ ಏನನ್ನೂ ಬದಲಿಸಲಾಗದು. ಬೆಳಿಗ್ಗೆಯೇ, ಆಗದಿದ್ದರೆ ಹಿಂದಿನ ರಾತ್ರಿಯೇ, ನಾಳೆಯ ಊಟಗಳನ್ನು ನಮೂದಿಸಿಬಿಡಿ. ರಾತ್ರಿ ಊಟಕ್ಕೆ 300 ಮಾತ್ರ ಉಳಿಯುತ್ತದೆಂದು ಬೆಳಿಗ್ಗೆ ಎಂಟಕ್ಕೇ ಗೊತ್ತಾದರೆ ಮಧ್ಯಾಹ್ನದ ಎಣ್ಣೆಯಲ್ಲಿ ಒಂದಿಷ್ಟು ತಗ್ಗಿಸಬಹುದು, ರಾತ್ರಿ ಎಂಟಕ್ಕೆ ಗೊತ್ತಾದರೆ ಉಳಿಯುವುದು ಹಸಿವು ಇಲ್ಲವೇ ಪಶ್ಚಾತ್ತಾಪ. 100–150 ಕ್ಯಾಲೊರಿಯನ್ನು ಯಾವುದಕ್ಕೂ ಹಂಚದೆ ಕೈಯಲ್ಲಿಟ್ಟುಕೊಳ್ಳಿ, ಯಾರೋ ಒಂದು ತುಂಡು ಕೇಕ್ ಕೊಟ್ಟಾಗ ಉಪಯೋಗಕ್ಕೆ ಬರುತ್ತದೆ.

ವಾರದಲ್ಲಿ ಹೆಚ್ಚಿನ ದಿನ ಬೆಳಗಿನ ಮತ್ತು ಮಧ್ಯಾಹ್ನದ ಊಟ ಹೆಚ್ಚುಕಡಿಮೆ ಒಂದೇ ಇದ್ದರೆ ಬರೆಯುವ ಕೆಲಸವೂ ಅರ್ಧವಾಗುತ್ತದೆ. ಬೇಸರವಾಗುವುದಿಲ್ಲವೇ? ಆಗುತ್ತದೆ. ಬಗೆಬಗೆಯನ್ನು ರಾತ್ರಿಯ ಊಟಕ್ಕೆ ಇಟ್ಟುಕೊಳ್ಳಿ.

ಹಂತ 4: ಅದೇ ಕ್ಯಾಲೊರಿಯಲ್ಲಿ ಹೊಟ್ಟೆ ತುಂಬಿಸಿ

1550 ಕ್ಯಾಲೊರಿಯನ್ನು ಬಿಸ್ಕತ್ತಿನಲ್ಲೂ ಮುಗಿಸಬಹುದು. ಆದರೆ ಸಂಜೆ ನಾಲ್ಕಕ್ಕೆ ಹೊಟ್ಟೆ ತಾಳ ಹಾಕುತ್ತದೆ. ಪ್ರತಿ ಊಟದಲ್ಲೂ ಪ್ರೋಟೀನ್ ಇರಲಿ: ಮೊಟ್ಟೆ, ಮೊಸರು, ಕಾಳು, ಮೀನು, ಕೋಳಿ, ಸೋಯಾ, ಯಾವುದು ಒಗ್ಗುತ್ತದೋ ಅದು. ದೇಹದ ತೂಕದ ಕೆಜಿಗೆ 1.2ರಿಂದ 1.6 ಗ್ರಾಂ ಎಂಬುದು ತೂಕ ಇಳಿಸುವಾಗ ಹಲವರು ಹಿಡಿಯುವ ಲೆಕ್ಕ (ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಹೆಚ್ಚಿಸಬಾರದು). ಅದು ಹಸಿವನ್ನು ತಡೆಯುತ್ತದೆ, ಸ್ನಾಯು ಕರಗುವುದನ್ನು ತಗ್ಗಿಸುತ್ತದೆ. ಪ್ರೋಟೀನ್‌ನಿಂದ ಬಂದ ಕ್ಯಾಲೊರಿಯಲ್ಲಿ ಶೇ 20–30ರಷ್ಟು ಜೀರ್ಣಕ್ಕೇ ಖರ್ಚಾಗುವುದೂ ಉಂಟು. ಇನ್ನು ತಟ್ಟೆಯ ಅರ್ಧಭಾಗ ತರಕಾರಿ. ನೀರು ಮತ್ತು ನಾರಿನಂಶ ಹೊಟ್ಟೆಯಲ್ಲಿ ಜಾಗ ಹಿಡಿಯುತ್ತವೆ, ಕ್ಯಾಲೊರಿ ಹಿಡಿಯುವುದಿಲ್ಲ.

ಕಾರ್ಖಾನೆಯಲ್ಲಿ ತಯಾರಾದ ಪ್ಯಾಕೆಟ್ ಆಹಾರದ ಬಗ್ಗೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು ಮಾಡಿ 2019ರಲ್ಲಿ ಪ್ರಕಟಿಸಿದ ಪ್ರಯೋಗ ಗಮನಿಸುವಂಥದು. 20 ಜನರಿಗೆ ಎರಡು ವಾರ ಇಂಥ ಆಹಾರ, ಎರಡು ವಾರ ಹೆಚ್ಚು ಸಂಸ್ಕರಿಸದ ಆಹಾರ ಕೊಟ್ಟರು. ಮುಂದಿಟ್ಟ ಊಟದಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರಿನಂಶ ಎರಡರಲ್ಲೂ ಸಮ, ಬೇಕಾದಷ್ಟು ತಿನ್ನಿ ಎಂದರು. ಪ್ಯಾಕೆಟ್ ಆಹಾರದ ವಾರಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಹಾಗೆಂದು ಅದನ್ನು ಪೂರ್ತಿ ಬಿಡಬೇಕೆಂದಲ್ಲ. ಇಡೀ ಪ್ಯಾಕೆಟ್ ಹಿಡಿದು ಕೂರದೆ ತೂಗಿ ಬಟ್ಟಲಿಗೆ ಹಾಕಿಕೊಂಡು, ಪ್ಯಾಕೆಟ್ ಕಟ್ಟಿ ಒಳಗಿಟ್ಟು ಬನ್ನಿ.

ನಿದ್ದೆಯೂ ಸರಿಯಾಗಿ ಆಗಲಿ. ನಿದ್ದೆಗೆಟ್ಟ ಮರುದಿನ ಹಸಿವಿಗೆ ಲಗಾಮಿರುವುದಿಲ್ಲ.

ಹಂತ 5: ವ್ಯಾಯಾಮದ ಕ್ಯಾಲೊರಿಯನ್ನು ತಿನ್ನಬೇಡಿ

ಕೈಗಡಿಯಾರ ‘ಇವತ್ತು 480 ಕ್ಯಾಲೊರಿ ಸುಟ್ಟಿರಿ’ ಎಂದೊಡನೆ ಅಷ್ಟನ್ನೂ ಊಟಕ್ಕೆ ಸೇರಿಸಿಕೊಳ್ಳುವವರಿದ್ದಾರೆ. 2017ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು ಇಂಥ ಏಳು ಸಾಧನಗಳನ್ನು ಪರೀಕ್ಷಿಸಿದರು. ಹೃದಯ ಬಡಿತದ ಲೆಕ್ಕ ಬಹುಪಾಲು ಸರಿಯಿತ್ತು, ಆದರೆ ಕ್ಯಾಲೊರಿ ಲೆಕ್ಕದಲ್ಲಿ ಇದ್ದುದರಲ್ಲಿ ಒಳ್ಳೆಯದು ಕೂಡ ಸರಾಸರಿ ಶೇ 27ರಷ್ಟು ತಪ್ಪುತ್ತಿತ್ತು, ತೀರಾ ಕೆಟ್ಟದ್ದು ಶೇ 93ರಷ್ಟು. ಇನ್ನೊಂದು ತೊಡಕು: 1.375ರಿಂದ ಗುಣಿಸಿದಾಗಲೇ ನಿಮ್ಮ ನಡಿಗೆ ಲೆಕ್ಕಕ್ಕೆ ಬಂದಾಗಿದೆ, ಮತ್ತೆ ಸೇರಿಸಿದರೆ ಎರಡು ಸಲ ಎಣಿಸಿದಂತೆ. ಆ್ಯಪ್‌ನಲ್ಲಿ ವ್ಯಾಯಾಮವನ್ನು ತಾನಾಗಿಯೇ ಸೇರಿಸುವ ಸೆಟ್ಟಿಂಗ್ ಇದ್ದರೆ ಆಫ್ ಮಾಡಿ. 70 ಕೆಜಿಯವರು ಒಂದು ಕಿ.ಮೀ. ನಡೆದರೆ ಹೋಗುವುದು ಸುಮಾರು 50 ಕ್ಯಾಲೊರಿ ಎಂಬ ಅಂದಾಜು ತಲೆಯಲ್ಲಿದ್ದರೆ ಸಾಕು. ನಡಿಗೆ, ಭಾರ ಎತ್ತುವ ವ್ಯಾಯಾಮ ಎರಡೂ ಇರಲಿ, ಆದರೆ ಇನ್ನೊಂದು ತುತ್ತಿನ ಪರವಾನಗಿಯಾಗಿ ಅಲ್ಲ.

ಹಂತ 6: ಗುರಿ ಮೀರಿದ ದಿನಕ್ಕೆ ಮೊದಲೇ ದಾರಿ ಇಟ್ಟುಕೊಳ್ಳಿ

ಮೀರಿಯೇ ಮೀರುತ್ತದೆ. ಆಗ ಕಾಡುವುದು ‘ಮುಳುಗಿದವನಿಗೆ ಚಳಿಯೇನು, ಮಳೆಯೇನು’ ಎಂಬ ಬುದ್ಧಿ. ಮಧ್ಯಾಹ್ನವೇ ಕೆಟ್ಟಿತು, ಇನ್ನು ರಾತ್ರಿಯೂ ಕೆಡಲಿ, ಸೋಮವಾರದಿಂದ ನೋಡೋಣ. ಇದನ್ನು ಬಿಡಿಸಲು ಉಪದೇಶಕ್ಕಿಂತ ಲೆಕ್ಕ ವಾಸಿ. 1550ರ ಗುರಿಯವರು ಒಂದು ಸಮಾರಂಭದಲ್ಲಿ 2450 ತಿಂದರು ಎನ್ನಿ. ಗುರಿಗಿಂತ 900 ಹೆಚ್ಚು ನಿಜ. ಆದರೆ ಅವರ ಖರ್ಚು 1950, ಹಾಗಾಗಿ ದೇಹದಲ್ಲಿ ಉಳಿದದ್ದು 500. ಕೊಬ್ಬಾದರೆ ಸುಮಾರು 65 ಗ್ರಾಂ.

ಮರುದಿನ ಬೆಳಿಗ್ಗೆ ತೂಕದ ಯಂತ್ರ ಒಂದು ಕೆಜಿ ಜಾಸ್ತಿ ತೋರಿಸುವುದೇಕೆ? ಹೆಚ್ಚಿನಂಶ ನೀರು. ಕಾರ್ಬೋಹೈಡ್ರೇಟ್ ಗ್ಲೈಕೋಜನ್ ಆಗಿ ಸ್ನಾಯುಗಳಲ್ಲಿ, ಯಕೃತ್ತಿನಲ್ಲಿ ಕೂಡಿಡುವಾಗ ಪ್ರತಿ ಗ್ರಾಂ ಜೊತೆಗೆ ಸುಮಾರು 3 ಗ್ರಾಂ ನೀರು ನಿಲ್ಲುತ್ತದೆ. ಉಪ್ಪು ಇನ್ನಷ್ಟು ಹಿಡಿದಿಡುತ್ತದೆ, ತಿಂದದ್ದು ಇನ್ನೂ ಕರುಳಿನಲ್ಲಿರುತ್ತದೆ. ಕೆಲವೇ ದಿನಗಳಲ್ಲಿ ತಾನೇ ಇಳಿಯುತ್ತದೆ. ಮರುದಿನ ಉಪವಾಸ ಮಾಡಬೇಡಿ, ಮುಂದಿನ ಅತಿಯೂಟಕ್ಕೆ ಅದೇ ಪೀಠಿಕೆ. ಎಂದಿನ ಗುರಿಗೆ ಮರಳಿ, ಮತ್ತು ಮೀರಿದ ದಿನದ್ದನ್ನೂ ಪೂರ್ತಿ ಬರೆಯಿರಿ. ಖಾಲಿ ಬಿಟ್ಟ ದಿನಗಳಿದ್ದರೆ ಮುಂದಿನ ಹಂತದ ಲೆಕ್ಕ ಕೂಡಿಬರುವುದಿಲ್ಲ.

ವಾರಾಂತ್ಯದಲ್ಲಿ ಹೊರಗೆ ಊಟ ಇದೆಯೆಂದು ಮೊದಲೇ ಗೊತ್ತಿದ್ದರೆ ದಿನದ ಬದಲು ವಾರದ ಬಜೆಟ್ ಹಿಡಿಯಬಹುದು. 1550 × 7 ಅಂದರೆ 10,850. ಐದು ದಿನ 1450 ತಿಂದರೆ ಉಳಿದೆರಡು ದಿನಕ್ಕೆ ತಲಾ 1800 ಸಿಗುತ್ತದೆ. ಉಳಿತಾಯ ಮೊದಲು, ಖರ್ಚು ಆಮೇಲೆ ಎಂಬ ಕ್ರಮವನ್ನು ಮಾತ್ರ ತಿರುಗಿಸಬೇಡಿ. ಹೋಟೆಲ್ ಊಟದ ನಮೂದಿಗೆ ಶೇ 20ರಷ್ಟು ಹೆಚ್ಚು ಸೇರಿಸುವುದು ನನ್ನ ರೂಢಿ, ಅಲ್ಲಿ ಎಣ್ಣೆ ಸುರಿಯುವವರಿಗೆ ನಮ್ಮ ಗುರಿಯ ಹಂಗಿಲ್ಲ.

ಹಂತ 7: ತೂಕದ ಸರಾಸರಿ ನೋಡಿ ಗುರಿ ತಿದ್ದಿ

ದಿನವೂ ಬೆಳಿಗ್ಗೆ ಶೌಚದ ನಂತರ, ಏನೂ ತಿನ್ನುವ–ಕುಡಿಯುವ ಮೊದಲು ತೂಕ ನೋಡಿ ಬರೆದಿಡಿ. ಆದರೆ ತೀರ್ಮಾನವನ್ನು ವಾರದ ಸರಾಸರಿಯಿಂದಷ್ಟೇ ಮಾಡಿ. ದಿನನಿತ್ಯದ ಸಂಖ್ಯೆ ಮನಸ್ಸು ಕೆಡಿಸುತ್ತದೆ ಎನ್ನುವವರು ವಾರಕ್ಕೆರಡು ಸಲ ನೋಡಲಿ. ಮುಟ್ಟಿನ ಆಸುಪಾಸಿನಲ್ಲಿ ನೀರು ನಿಂತು ತೂಕ ಏರುವುದರಿಂದ ಹೆಂಗಸರು ಈ ತಿಂಗಳ ವಾರವನ್ನು ಹೋದ ತಿಂಗಳ ಅದೇ ವಾರದ ಜೊತೆ ಹೋಲಿಸಬೇಕು. ಮೊದಲ ವಾರದ ದೊಡ್ಡ ಇಳಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಅದರಲ್ಲೂ ನೀರೇ ಜಾಸ್ತಿ.

ನಾಲ್ಕು ವಾರ ಕಳೆದ ಮೇಲೆ ಸೂತ್ರವನ್ನು ಪಕ್ಕಕ್ಕಿಟ್ಟು ನಿಮ್ಮದೇ ಅಂಕಿಅಂಶ ನೋಡಿ. ವಾರಕ್ಕೆ 360 ಗ್ರಾಂ ಇಳಿಯಬೇಕಿತ್ತು, ಇಳಿದದ್ದು 200 ಎನ್ನೋಣ. 0.2 × 7700 ÷ 7, ಅಂದರೆ ನಿಜವಾದ ಕಡಿತ ದಿನಕ್ಕೆ 220. ಬಾಕಿ 180 ಎಲ್ಲಿ ಹೋಯಿತು? ಎಣ್ಣೆಯಲ್ಲಿ ಸೋರಿರಬಹುದು, ಖರ್ಚು ಸೂತ್ರ ಹೇಳಿದ್ದಕ್ಕಿಂತ ಕಡಿಮೆಯೂ ಇರಬಹುದು. ಎರಡು ವಾರ ಹಂತ 2ನ್ನು ಬಿಗಿಯಾಗಿ ಪಾಲಿಸಿ ನೋಡಿ. ಆಗಲೂ ಅಷ್ಟೇ ಇದ್ದರೆ 100–150 ಕ್ಯಾಲೊರಿ ಕಡಿಮೆ ಮಾಡಿ, ಇಲ್ಲವೇ ದಿನಕ್ಕೆ ಎರಡು–ಮೂರು ಕಿ.ಮೀ. ಹೆಚ್ಚು ನಡೆಯಿರಿ. ತದ್ವಿರುದ್ಧವಾಗಿ ವಾರಕ್ಕೆ ಒಂದು ಕೆಜಿಗಿಂತ ಹೆಚ್ಚು ಇಳಿಯುತ್ತಾ ಸುಸ್ತು, ತಲೆಸುತ್ತು, ಕೂದಲು ಉದುರುವಿಕೆ ಕಂಡರೆ ಗುರಿಯನ್ನು ಏರಿಸಿ, ವೈದ್ಯರಿಗೂ ತೋರಿಸಿ.

ಸಣ್ಣಗಾದ ದೇಹಕ್ಕೆ ಖರ್ಚೂ ಕಡಿಮೆ. ನಮ್ಮ ಉದಾಹರಣೆಯವರು 68 ಕೆಜಿಗೆ ಬಂದರೆ ಸೂತ್ರದ ಪ್ರಕಾರ 1950ರ ಜಾಗದಲ್ಲಿ 1865. ನಿಜದಲ್ಲಿ ಇದಕ್ಕಿಂತ ತುಸು ಹೆಚ್ಚೇ ಇಳಿದಿರುತ್ತದೆ, ಕಡಿಮೆ ತಿನ್ನುವಾಗ ದೇಹ ಗೊತ್ತಾಗದಂತೆ ಓಡಾಟವನ್ನೂ ತಗ್ಗಿಸುತ್ತದೆ. ಆದ್ದರಿಂದ ಪ್ರತಿ ಐದಾರು ಕೆಜಿಗೊಮ್ಮೆ ಲೆಕ್ಕ ಹೊಸದಾಗಿ ಹಾಕಿ.

ಗುರಿಯ ತೂಕ ಮುಟ್ಟಿದ ಮೇಲೆ

ಅದೇ ದಿನ ಆ್ಯಪ್ ಅಳಿಸಿ ಹಳೆಯ ಊಟಕ್ಕೆ ಹಾರಬೇಡಿ. ವಾರಕ್ಕೆ 100–150ರಂತೆ ಏರಿಸುತ್ತ ಹೋಗಿ. ಮೊದಲೆರಡು ವಾರ ಯಂತ್ರ ಅರ್ಧದಿಂದ ಒಂದು ಕೆಜಿ ಹೆಚ್ಚು ತೋರಿಸಬಹುದು, ಖಾಲಿಯಾಗಿದ್ದ ಗ್ಲೈಕೋಜನ್ ಮತ್ತು ಅದರ ನೀರು ವಾಪಸ್ ಬಂದದ್ದು ಅದು, ಹೆದರಿ ಮತ್ತೆ ಕಡಿತ ಮಾಡಬೇಕಿಲ್ಲ. ಸರಾಸರಿ ಮೂರು ವಾರ ಅಲ್ಲಾಡದೆ ನಿಂತರೆ ನೀವು ಆಗ ತಿನ್ನುತ್ತಿರುವುದೇ ನಿಮ್ಮ ಹೊಸ ಖರ್ಚು. ಆಮೇಲೆ ತಕ್ಕಡಿಯನ್ನು ಒಳಗಿಟ್ಟು ಕಣ್ಣಳತೆಯಲ್ಲೇ ನಡೆಸಿ. ಸರಾಸರಿ ಎರಡು ಕೆಜಿ ಮೇಲೇರಿದರೆ ಮಾತ್ರ ಎರಡು ವಾರ ಮತ್ತೆ ಹೊರತೆಗೆಯಿರಿ, ಮೊದಲು ತೂಗಬೇಕಾದದ್ದು ಎಣ್ಣೆಯ ಬಾಟಲಿ.